ಬಾಗಿಲ ಮರದ ಬೇಸ್ ಗಿಟಾರ್

ವೀಣೆ ಮಾಡುವವರ ಬೀದಿಯೊಂದಿತ್ತು. ಆ ಬೀದಿಯಲ್ಲಿ ಕಾಳಮ್ಮ, ಅವಳಿಗೊಬ್ಬ ಮಗ ಮೌನೇಶ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅದೇ ಕಷ್ಟ.

ತೀರಿಹೋದ ಗಂಡನ ಉಳಿಪೆಟ್ಟಿಗೆಯನ್ನು ಕಾಳಮ್ಮ ಮಗನಿಗೆಂದು ಕಾದಿಟ್ಟಿದ್ದಳು. ಅವಳ ತಮ್ಮ ಗಂಗಾಚಾರಿಗೆ ಅದರ ಮೇಲೆ ಕಣ್ಣು.

"ಅಕ್ಕಾ, ಮರ ಗೊತ್ತಿಲ್ಲದವನಿಗೆ ಉಳಿ ಯಾಕೆ? ಒಂದೇ ಒಂದು ವಾದ್ಯಕ್ಕೆ ಇವನು ಮರ ಆರಿಸಿ ತರಲಿ. ಆಗದಿದ್ದರೆ ಪೆಟ್ಟಿಗೆ ನನಗೆ ಕೊಡು," ಅಂದ. ಕಾಳಮ್ಮ ರೋಷಕ್ಕೆ ಒಪ್ಪಿಬಿಟ್ಟಳು.

ಅಷ್ಟರಲ್ಲಿ ಮದುವೆ ಆರ್ಕೆಸ್ಟ್ರಾದ ಫೆಲಿಕ್ಸ್ ಬಂದ. "ಅಮ್ಮಾ, ನನಗೊಂದು ಬೇಸ್ ಗಿಟಾರ್ ಬೇಕು. ನಾಲ್ಕೇ ದಪ್ಪ ತಂತಿ, ತಗ್ಗಿನ ಸ್ವರ. ಕರೆಂಟಿನದು."

"ಕರೆಂಟಿನದಕ್ಕೆ ಯಾವ ಮರವಾದರೇನು?" ಗಂಗಾಚಾರಿ ನಕ್ಕ.

"ತಂತಿ ನಡುಗೋದು ಮರದ ಮೇಲೇ ಅಲ್ಲವೇನೋ," ಅಂದಳು ಕಾಳಮ್ಮ. ಮಗನ ಕಡೆ ತಿರುಗಿ, "ಸಾಮಿಲ್ಲಿಗೆ ಹೋಗು ಮಗಾ. ಒಂದೊಂದನ್ನೂ ತಟ್ಟಿ ಕೇಳು. ಯಾವುದು ಬಹಳ ಹೊತ್ತು ಹಾಡುತ್ತೋ ಅದನ್ನು ತಾ."

ಮೌನೇಶ ಹೋದ. ಒಂದೊಂದನ್ನೂ ತಟ್ಟಿದ. ಬಹಳ ಹೊತ್ತು ಹಾಡಿದ್ದನ್ನು ತಂದ. ಅದು ಊಟದ ಹೊತ್ತಿಗೆ ಬಾರಿಸಲು ಸಾಮಿಲ್ಲಿನವರು ತೂಗುಹಾಕಿದ್ದ ರೈಲುಕಂಬಿಯ ತುಂಡು.

"ಇದನ್ನು ಕೊರಳಿಗೆ ಹಾಕಿಕೊಂಡು ಫೆಲಿಕ್ಸ್ ಬದುಕುತ್ತಾನೇನೋ?"

"ನೀನೇ ಹೇಳಿದ್ದಲ್ಲವ್ವಾ."

"ಹೆಗಲಿಗೆ ಹಗುರವಾಗಿರೋದನ್ನು ತರಬೇಕಪ್ಪಾ!"

ಮೌನೇಶ ಹೋದ. ಒಂದೊಂದನ್ನೂ ಹೆಗಲ ಮೇಲಿಟ್ಟು ನೋಡಿದ. ಎಲ್ಲಕ್ಕಿಂತ ಹಗುರವಾದದ್ದನ್ನು ತಂದ. ಅದು ಬಾಸಿಂಗ ಮಾಡುವವರ ಮನೆಯ ಬೆಂಡಿನ ಕಟ್ಟು.

"ಬೆಂಡು ಸ್ವರವನ್ನು ನುಂಗಿಬಿಡುತ್ತೆ ಕಣೋ."

"ನೀನೇ ಹೇಳಿದ್ದಲ್ಲವ್ವಾ."

ಕಾಳಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. "ಕೇಳು. ಮರ ಬಹಳ ಗಟ್ಟಿಯಾದರೆ ಸ್ವರ ಚುಚ್ಚುತ್ತೆ, ಬಹಳ ಮೆದುವಾದರೆ ಬೇಗ ಸಾಯುತ್ತೆ. ನಮಗೆ ಹಲಸು ಬೇಕು. ಬಿಸಿಲು ಗಾಳಿ ಕಂಡು, ಒಳಗಿನ ನೀರೆಲ್ಲ ಮರೆತ ಹಳೇ ಹಲಸು. ತಟ್ಟಿದರೆ ಹಾಡಬೇಕು, ಹೆಗಲು ತಾಳಬೇಕು. ಎಲ್ಲಿದ್ದರೂ ತಾ."

ಈ ಸಲ ಮೌನೇಶ ಬೀದಿಗೇ ಇಳಿಯಲಿಲ್ಲ. ಅವ್ವ ಹಿತ್ತಲಿಂದ ಬರುವಷ್ಟರಲ್ಲಿ ಮನೆಯ ಮುಂಬಾಗಿಲನ್ನು ಕಿತ್ತು ಹೆಗಲ ಮೇಲೆ ಹೊತ್ತು ನಿಂತಿದ್ದ. ಅಪ್ಪ ಮದುವೆಯಾದ ವರ್ಷ ಮಾಡಿದ ಬಾಗಿಲು, ಹಲಸಿನ ಒಂದೇ ದಪ್ಪ ಹಲಗೆ.

ಬೈಯಲು ಬಾಯಿ ತೆರೆದ ಕಾಳಮ್ಮನ ಬೆರಳು ರೂಢಿಯಂತೆ ಹಲಗೆಯನ್ನು ತಟ್ಟಿತು. ಹಲಗೆ ಹಾಡಿತು. ಆ ನಾದ ತುಂಬಿಕೊಂಡು, ನಿಧಾನವಾಗಿ ಇಳಿಯಿತು. ಕಾಳಮ್ಮ ಹಲಗೆಯನ್ನು ಅಂಗೈಯಿಂದ ಸವರಿದಳು. ಇಷ್ಟು ವರ್ಷ ದಿನವೂ ಹಾಕಿ ತೆಗೆದ ಬಾಗಿಲು! ತನಗೇ ಹೊಳೆದಿರಲಿಲ್ಲವಲ್ಲ.

ಗಂಡನ ಜೊತೆ ಕೂತು ಪಳಗಿದ ಕೈ ಅವಳದು. ತಾನೇ ಕೊರೆದಳು, ಉಜ್ಜಿದಳು. ಫೆಲಿಕ್ಸ್ ತಂತಿ ಬಿಗಿದು, ಕರೆಂಟಿನ ಸಾಮಾನು ಕೂರಿಸಿ, ಪರೀಕ್ಷೆಗೆಂದು ತನ್ನ ಸ್ಪೀಕರ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದ.

ಕೆಲಸವೆಲ್ಲ ಮುಗಿದ ಬೆಳಿಗ್ಗೆ ಕಾಳಮ್ಮ ಅವನನ್ನು ಕರೆಯಲು ಹೊರಟಳು. "ಮಾವ ಬಂದಾನು. ಯಾರು ಬಾಗಿಲು ತಟ್ಟಿದರೂ ನಾನು ಬರೋವರೆಗೆ ತೆಗೀಬೇಡ," ಅಂದಳು. ಮನೆಗೆ ಬಾಗಿಲಿಲ್ಲವೆಂಬುದು ಅವಳಿಗೆ ಮರೆತೇ ಹೋಗಿತ್ತು.

ಮೌನೇಶನಿಗೆ ಮರೆತಿರಲಿಲ್ಲ. ಬಾಗಿಲು ಎಲ್ಲಿಗೆ ಹೋಯಿತೆಂದು ಅವನಿಗೆ ಗೊತ್ತಿತ್ತು. ಗಿಟಾರನ್ನು ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿದ್ದ ವೈರಿನ ಸಮೇತ ತಂದು ಬಾಗಿಲವಾಡದ ನಡುವೆ ಹಗ್ಗದಲ್ಲಿ ಕಟ್ಟಿ, ಒಳಗೆ ಕೂತ.

ಗಂಗಾಚಾರಿ ಬಂದ. ತೂಗುತ್ತಿದ್ದ ಮರವನ್ನು ಕಂಡು ಹುಬ್ಬೇರಿಸಿ ತಟ್ಟಿದ.

ಧೂಂ...

ನೆಲ ಮಾತಾಡಿದ ಹಾಗಾಯಿತು. ಸ್ವರ ಅಂಗಾಲಿನಿಂದ ಏರಿ ಎದೆಯಲ್ಲಿ ಕೂತಿತು. ಗಂಗಾಚಾರಿ ಮತ್ತೆ ತಟ್ಟಿದ. ಮರಕ್ಕೆ ಕಿವಿಯಾನಿಸಿ ಇನ್ನೊಮ್ಮೆ ತಟ್ಟಿದ.

"ಅಳಿಯಾ, ಯಾವ ಮರವೋ ಇದು?"

"ಬಾಗಿಲು, ಮಾವ."

"ನಾನು ಜೀವಮಾನವೆಲ್ಲ ತಟ್ಟಿದ ಬಾಗಿಲು! ಒಂದು ದಿನವೂ ಕೇಳಿಸಿಕೊಳ್ಳಲಿಲ್ಲವಲ್ಲೋ. ಒಳಗೆ ಬರಲಾ?"

"ಅವ್ವ ತೆಗೀಬೇಡ ಅಂದಿದ್ದಾಳೆ."

ಪಕ್ಕದಲ್ಲಿ ಆನೆ ನುಗ್ಗುವಷ್ಟು ಜಾಗವಿತ್ತು. ಆದರೂ ಗಂಗಾಚಾರಿ ಜಗಲಿಯ ಮೇಲೇ ಕೂತ. ಕಾಳಮ್ಮ, ಫೆಲಿಕ್ಸ್ ಬಂದಾಗ ಎದ್ದು ನಿಂತು, "ಅಕ್ಕಾ, ಉಳಿಪೆಟ್ಟಿಗೆ ಅಳಿಯನದೇ," ಅಂದ.

ಫೆಲಿಕ್ಸ್ ಗಿಟಾರನ್ನು ಕಣ್ಣಿಗೊತ್ತಿಕೊಂಡು ಹೋದ.

ಮಾರನೆಯ ದಿನ ಪಕ್ಕದ ಮನೆಯ ನೀಲಮ್ಮ ಬಂದು, "ಮೌನೇಶಾ, ನಿಮ್ಮವ್ವ ಇದ್ದಾಳಾ?" ಎಂದು ಹೊರಗಿಂದ ಕೂಗಿದಳು.

"ಇದ್ದಾಳೆ ಅತ್ತೆ. ಬಾಗಿಲು ತಟ್ಟಿ, ತೆಗೀತೀನಿ."

"ಬಾಗಿಲೆಲ್ಲೋ?"

"ಫೆಲಿಕ್ಸಣ್ಣನ ಜೊತೆ ಮದುವೆಗೆ ಹೋಗಿದೆ. ಅಲ್ಲಿ ಹೋಗಿ ತಟ್ಟಿ ಬನ್ನಿ."