ಅರಸರ ಟೊಳ್ಳಿಲ್ಲದ ವೀಣೆ

ನವರಾತ್ರಿಯ ಮೊದಲ ದಿನ. ಸಮಯ, ಹಗಲಿನ ಎರಡನೆಯ ಜಾವ. ಹವೆ, ಮೋಡವಿಲ್ಲ, ಗಾಳಿಯಿಲ್ಲ. ಸ್ಥಳ, ಹುಲಿಗೊಂಡದ ಅರಮನೆಯ ಶಾರದಾ ಗುಡಿ. ಹಾಜರಿದ್ದವರು: ಅರಸ ಚಂದ್ರಭೂಪಾಲ, ಪ್ರಧಾನ ಅರ್ಚಕ ನರಹರಿ ಭಟ್ಟರು, ವೈಣಿಕ ಅಪ್ರಮೇಯ, ಆಸ್ಥಾನದ ಚತುರ ಅಳಸಿಂಗಯ್ಯ ಮತ್ತು ಇಡೀ ಪರಿವಾರ. ಗೈರುಹಾಜರಾದವರು ಯಾರೂ ಇಲ್ಲ. ಆ ಧೈರ್ಯ ಯಾರಿಗೂ ಇರಲಿಲ್ಲ.

ದಿನದಿನದ ಪೂಜೆಯ ಕ್ರಮ ನಿಶ್ಚಿತವಾದದ್ದು. ಮೊದಲು ನೈವೇದ್ಯ, ಆಮೇಲೆ ಮಂಗಳಾರತಿ, ಕೊನೆಗೆ ದೇವಿಯ ಮುಂದೆ ವೀಣೆಯ ಸೇವೆ. ಆ ಸೇವೆ ಅಪ್ರಮೇಯನಿಗೆ ಅಜ್ಜನಿಂದ ಬಂದದ್ದು. ಅವನ ಮನೆಯ ಅನ್ನವೂ ಅದೇ.

ಆ ದಿನ ನಾಲ್ವರು ಆಳುಗಳು ಏದುಸಿರು ಬಿಡುತ್ತ ಒಂದು ಹೊಸ ವೀಣೆಯನ್ನು ಹೊತ್ತು ತಂದರು.

"ಹಳೆಯ ವೀಣೆಯ ಕೊಡದೊಳಗೆ ಇಣುಕಿ ನೋಡಿದೆ," ಎಂದ ಅರಸ. "ಪೂರ್ತಿ ಟೊಳ್ಳು. ನಮ್ಮ ಮನೆಯಿಂದ ದೇವಿಗೆ ಟೊಳ್ಳು ಸಾಮಾನು ಹೋಗಬೇಕೆ? ಇದರೊಳಗೆ ಬಂಗಾರದ ಗಟ್ಟಿ ತುಂಬಿಸಿ, ಸಂದಿಗೆಲ್ಲ ಅರಗು ಜಡಿಸಿದ್ದೇನೆ."

ಅಪ್ರಮೇಯ ಬಿಳಿಚಿಕೊಂಡ. "ಪ್ರಭುಗಳೇ, ಒಳಗೆ ಟೊಳ್ಳಿದ್ದರೆ ಮಾತ್ರ ನಾದ ಹುಟ್ಟುತ್ತದೆ."

"ಬರಿಯ ಟೊಳ್ಳಿನಿಂದಲೇ ಅಷ್ಟು ನಾದ ಬರುತ್ತಿತ್ತು. ಬಂಗಾರದಿಂದ ಎಷ್ಟು ಬರಬೇಡ? ನುಡಿಸು. ನುಡಿಯದಿದ್ದರೆ ದೋಷ ನಿನ್ನ ಬೆರಳಿನದು. ನಾಳೆಯಿಂದ ಸೇವೆ ಬೇರೆಯವರಿಗೆ."

ನೈವೇದ್ಯವಾಯಿತು. ಮಂಗಳಾರತಿಯಾಯಿತು. ಅಪ್ರಮೇಯ ಕುಳಿತು ಮೀಟಿದ. ಇನ್ನೂ ಬಲವಾಗಿ ಮೀಟಿದ. ಹಾಸಿಗೆಯೊಳಗೆ ನೊಣ ಸಿಕ್ಕಿಕೊಂಡಷ್ಟು ಸದ್ದು ಬಂತು, ಅದೂ ಕೇಳಿಸಿದ್ದು ಅವನೊಬ್ಬನಿಗೆ. ಆದರೂ ಕ್ರಮ ತಪ್ಪಿಸದೆ ಇಡೀ ಕೀರ್ತನೆಯನ್ನು ನುಡಿಸಿ ಮುಗಿಸಿದ. ಪರಿವಾರ ತಲೆದೂಗಿತು. ಏತಕ್ಕೆಂದು ಯಾರಿಗೂ ತಿಳಿಯದು.

ಅರಸನ ಮುಖ ಕೆಂಪಾಯಿತು. "ನಮಗೇನೂ ಕೇಳಿಸಲಿಲ್ಲ. ಅಪ್ರಮೇಯ, ಹೊರಡು."

ಅಳಸಿಂಗಯ್ಯ ಎದ್ದು ನಿಂತ. "ಹಾಗಾದರೆ ಬಾಣಸಿಗನೂ ಹೊರಡಲಿ, ಪ್ರಭು."

"ಅವನೇನು ಮಾಡಿದ?"

"ಕಡುಬು ಮಾಡಿದ. ದೇವಿಗೆ ಬಡಿಸಿ ಇಷ್ಟು ಹೊತ್ತಾಯಿತು, ತಟ್ಟೆಯಲ್ಲಿ ಒಂದೂ ಕಡಿಮೆಯಾಗಿಲ್ಲ. ಉಪ್ಪು ಹೆಚ್ಚಾಗಿರಬೇಕು."

"ಹುಚ್ಚನಂತೆ ಮಾತಾಡಬೇಡವಯ್ಯ. ದೇವಿ ಸ್ವೀಕರಿಸುವುದು ಕಣ್ಣಿಗೆ ಕಾಣದ ಸಾರವನ್ನು. ಕಾಣುವುದೆಲ್ಲ ತಟ್ಟೆಯಲ್ಲೇ ಉಳಿಯುತ್ತದೆ. ಅಲ್ಲವೇ ಭಟ್ಟರೇ?"

"ಶಾಸ್ತ್ರ ಹಾಗೆಯೇ ಇದೆ," ಎಂದರು ಭಟ್ಟರು.

"ವೀಣೆಯ ಕಾಣದ ಸಾರವೆಂದರೆ ನಾದ," ಎಂದ ಅಳಸಿಂಗಯ್ಯ. "ದೇವಿ ಅದನ್ನು ಸ್ವೀಕರಿಸಿದ್ದಾಳೆ. ಮರ, ತಂತಿ ಇಲ್ಲೇ ಉಳಿದಿವೆ."

ಅರಸ ಹುಬ್ಬು ಗಂಟಿಕ್ಕಿದ. "ನಿನ್ನೆಯವರೆಗೆ ನಮಗೂ ಕೇಳಿಸುತ್ತಿತ್ತಲ್ಲ?"

"ಅದು ಬಡ ವೀಣೆ. ದೇವಿ ರುಚಿ ನೋಡಿ ಉಳಿದದ್ದನ್ನು ನಮಗೆ ಬಿಡುತ್ತಿದ್ದಳು. ಇದು ಪ್ರಭುಗಳ ವೀಣೆ. ಒಂದು ಸ್ವರವನ್ನೂ ಬಿಡಲಿಲ್ಲ."

ಅರಸ ಮೀಸೆಯ ಮೇಲೆ ಕೈಯಾಡಿಸಿಕೊಂಡ. "ಹಾಗೋ. ಸರಿ, ದೇವಿ ಸ್ವೀಕರಿಸಿದಳೆಂದು ಊರಿಗೆಲ್ಲ ತಿಳಿಸಿ."

"ಆಗಲಿ. ಆದರೆ ದೇವಿ ಸ್ವೀಕರಿಸಿ ಉಳಿಸಿದ್ದು ಪ್ರಸಾದ. ಪ್ರಸಾದ ಭಂಡಾರಕ್ಕೆ ಹಿಂತಿರುಗುವಂತಿಲ್ಲ. ಭಟ್ಟರೇ, ಸೇವೆಯ ಪ್ರಸಾದ ಯಾರಿಗೆ ಸಲ್ಲಬೇಕು?"

"ಸೇವೆ ಮಾಡಿದವನಿಗೆ," ಎಂದರು ಭಟ್ಟರು, ಅರಸನ ಕಡೆ ನೋಡದೆ.

ಅರಸ ವೀಣೆಯನ್ನು ನೋಡಿದ. ದೇವಿಯನ್ನು ನೋಡಿದ. ಸ್ವೀಕರಿಸಲಿಲ್ಲವೆಂದರೆ ಮಾನ ಹೋಯಿತು. ಸ್ವೀಕರಿಸಿದಳೆಂದರೆ ಬಂಗಾರ ಹೋಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಎಲ್ಲರಿಗೂ ಕೇಳಿಸುವಂತೆ ತೀರ್ಪು ಕೊಟ್ಟ:

"ವೀಣೆ ಅಪ್ರಮೇಯನಿಗೆ. ಸೇವೆಯೂ ಅವನಿಗೇ. ಆದರೆ ನಾಳೆಯಿಂದ ಹಳೆಯ ವೀಣೆಯನ್ನೇ ತರಲಿ. ದೇವಿಗೆ ಅರೆಹೊಟ್ಟೆಯಾದರೂ ಚಿಂತೆಯಿಲ್ಲ, ನಮಗೂ ಒಂದಿಷ್ಟು ಕೇಳಿಸಬೇಕು."