ಒಂಟಿಕಾಲಿನ ಗೊರವಂಕ

ಮಕ್ಕಳ ಕಥೆಯೊಂದಕ್ಕೆ ನಾಯಕಿಯನ್ನು ರೂಪಿಸುತ್ತಿದ್ದ ಚಿತ್ರಗಾರ್ತಿ ಮಂದಾಕಿನಿ, ದಿನವೂ ತನ್ನ ಕಿಟಕಿಗೆ ಬರುವ ಒಂಟಿಕಾಲಿನ ಗೊರವಂಕವನ್ನೇ ನೋಡಿ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆದಳು. ಕನಿಕರದಿಂದ ಇನ್ನೊಂದು ಕಾಲನ್ನೂ ಸೇರಿಸಿದಳು. ಎಷ್ಟು ತಿದ್ದಿದರೂ ಹಕ್ಕಿಗೆ ಜೀವ ಬರಲಿಲ್ಲ. ಬೇಸತ್ತು ಡಿಜಿಟಲ್ ಪೆನ್ನನ್ನು ಕೆಳಗಿಟ್ಟಳು.

ಪೆನ್ನು ಗೊರವಂಕಕ್ಕೆ ಹೇಳಿತು: "ನೋಡು, ನಿನಗಿಲ್ಲದ ಕಾಲನ್ನು ಕೊಟ್ಟಿದ್ದೇನೆ. ಸಂತೋಷವೇ?"

"ಚೆಂದವಾಗಿದೆ. ಆದರೆ ಅದು ನಾನಲ್ಲ. ಇಳಿಯುವಾಗ ನನಗೆ ರೆಕ್ಕೆಯೇ ಇನ್ನೊಂದು ಕಾಲು" ಎಂದ ಗೊರವಂಕ ಮೇಲೆ ಹಾರಿ, ಎಡರೆಕ್ಕೆಯನ್ನು ಅರ್ಧ ಬಿಚ್ಚಿ ಮೈ ತೂಗಿಸಿಕೊಂಡು ಮತ್ತೆ ಕಿಟಕಿಗೆ ಇಳಿಯಿತು.

ಮಂದಾಕಿನಿಯ ಕಣ್ಣು ಅಲ್ಲೇ ನಿಂತಿತು. ಮೂರು ವಾರದಿಂದ ನೋಡುತ್ತಿದ್ದರೂ ಆ ರೆಕ್ಕೆಯನ್ನು ಅವಳು ಗಮನಿಸಿರಲಿಲ್ಲ. ಪೆನ್ನನ್ನೆತ್ತಿಕೊಂಡು ಸೇರಿಸಿದ ಕಾಲನ್ನು ಅಳಿಸಿದಳು, ಎಡರೆಕ್ಕೆಯನ್ನು ಅರ್ಧ ಬಿಚ್ಚಿದಂತೆ ಬರೆದಳು. ಪರದೆಯ ಹಕ್ಕಿ ಈಗಷ್ಟೇ ಬಂದಿಳಿದಂತೆ ನಿಂತುಬಿಟ್ಟಿತು.

"ಇದನ್ನು ಬರೆದದ್ದು ನಾನೇನಾ?" ಎಂದು ಪೆನ್ನು ಮೆಲ್ಲಗೆ ಕೇಳಿತು.

ಗೊರವಂಕ ಪರದೆಯನ್ನೇ ನೋಡುತ್ತ, ಕಿಟಕಿಯಂಚಿನಲ್ಲಿ ಒಂದಿಷ್ಟು ಪಕ್ಕಕ್ಕೆ ಕುಪ್ಪಳಿಸಿತು.

"ಯಾಕೆ ಸರಿದೆ?"

"ಪರದೆಯಿಂದ ಅವಳು ಹಾರಿ ಬಂದರೆ ಕೂರಲು ಜಾಗ ಬೇಕಲ್ಲ."