ದೀಪಕ್ಕೆ ಎಣ್ಣೆ ಹಾಕಿದವಳು

ತುಂಗಭದ್ರೆಯ ದಂಡೆಯ ಮಠವೊಂದರ ಹಿಂಬದಿ ಕೋಣೆಯಲ್ಲಿ ಇಂಗ್ಲಿಷ್ ಕಲಿಸುವ ಗುರುಗಳೊಬ್ಬರಿದ್ದರು. ಹೆಸರು ಗುರುಬಸಯ್ಯ. ಸ್ನಾತಕೋತ್ತರ ಕೇಂದ್ರದಲ್ಲಿ ಮೂವತ್ತು ವರ್ಷ ಪಾಠ ಮಾಡಿ, ನಿವೃತ್ತರಾದ ಮೇಲೆ ಕಾವಿ ಉಡದೆಯೇ ಮಠ ಸೇರಿದವರು.

ಎಂ.ಎ. ಓದುವ ಮಕ್ಕಳು ಬೆಳಗಿನ ಹೊತ್ತು ಪುಸ್ತಕ ಹಿಡಿದು ಅವರಲ್ಲಿಗೆ ಬರುತ್ತಿದ್ದರು. ಗುರುಗಳ ಮಾತು ಕಡಿಮೆ. ನೋಟ್ಸ್ ಕೊಡುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಬರುವವರೂ ಕಡಿಮೆಯೇ.

ತಪ್ಪದೆ ಬರುವವಳೆಂದರೆ ಹುಲಿಗೆಮ್ಮ. ಆಚೆ ದಂಡೆಯ ಹಳ್ಳಿಯವಳು. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಯಾರು ಬೇಡವೆಂದರೂ ಕೇಳದೆ ಇಂಗ್ಲಿಷ್ ಎಂ.ಎ.ಗೆ ಸೇರಿದ ಗಟ್ಟಿಗಿತ್ತಿ. ದಿನವೂ ಹರಿಗೋಲಿನಲ್ಲಿ ಹೊಳೆ ದಾಟಿ ಬರುತ್ತಿದ್ದಳು.

ಒಂದು ದಿನ ಅವಳು ಬರಿಗೈಯಲ್ಲಿ ಬಂದಳು.

“ಸರ್, ನಾ ಎಂ.ಎ. ಬಿಡ್ತೀನ್ರಿ,” ಅಂದಳು.

ಗುರುಗಳು ಚಾಪೆ ತೋರಿಸಿದರು. ಹುಲಿಗೆಮ್ಮ ಕುಳಿತು, ಸ್ವಲ್ಪ ಹೊತ್ತು ಅತ್ತು, ಆಮೇಲೆ ನಡೆದದ್ದನ್ನು ಹೇಳಿದಳು.

ಹಿಂದಿನ ದಿನ ಅವಳ ಸೆಮಿನಾರ್ ಇತ್ತು. ಒಂದು ಇಂಗ್ಲಿಷ್ ಕಾದಂಬರಿ, ನಮ್ಮ ದೇಶದ್ದೇ ಒಂದು ಹಳೆಯ ಕಥನಕಾವ್ಯ. ಎರಡರಲ್ಲೂ ಗಂಡನ ದಾರಿ ಕಾಯುವ ಹೆಂಗಸಿದ್ದಾಳೆ. ಅವರಿಬ್ಬರನ್ನು ಹೋಲಿಸಿ ಮಾತಾಡಬೇಕಿತ್ತು.

ಹುಲಿಗೆಮ್ಮ ವಿಮರ್ಶಕರ ಪುಸ್ತಕಗಳಿಂದ ಹನ್ನೆರಡು ಪುಟ ಇಳಿಸಿಕೊಂಡು, ಅಷ್ಟನ್ನೂ ಉರು ಹೊಡೆದಿದ್ದಳು. ತರಗತಿಯ ಮುಂದೆ ನಿಂತು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಒಪ್ಪಿಸತೊಡಗಿದಳು. ಪುಟದ ಕೆಳಗೆ ಸಣ್ಣಕ್ಷರದಲ್ಲಿದ್ದುದನ್ನೂ ಬಿಡಲಿಲ್ಲ. ಅಡಿಟಿಪ್ಪಣಿ ಹನ್ನೊಂದನ್ನು ನೋಡಿ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದಳು. ಮುಂದಿನ ಪುಟದಲ್ಲಿ ಹನ್ನೆರಡನ್ನೂ ನೋಡಿ ಎಂದಳು.

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಉರು ಹೊಡೆದದ್ದು ಅಲ್ಲಿಗೇ ಕಡಿದುಹೋಯಿತು, ಮತ್ತೆ ಕೂಡಲಿಲ್ಲ.

ಇನ್ನೊಂದು ವಾರಕ್ಕೆ ಮತ್ತೊಂದು ಅವಕಾಶವಿತ್ತು. ಹೊರಗಿನ ಪರೀಕ್ಷಕರು ಬರುತ್ತಾರೆ. ಅದರಲ್ಲೂ ಬಿದ್ದರೆ ವರ್ಷವೇ ಹೋಯಿತು. ಮತ್ತೆ ನಗಿಸಿಕೊಳ್ಳುವುದಕ್ಕಿಂತ ಈಗಲೇ ಬಿಡುವುದು ಮೇಲೆಂದು ಅವಳು ತೀರ್ಮಾನಿಸಿದ್ದಳು.

ಗುರುಗಳು ಕೇಳಿದರು, “ಆ ಪುಸ್ತಕದಾಗ ಏನೈತವ್ವ?”

“ಪ್ರತೀಕ್ಷೆಯ ರಾಜಕಾರಣ ಐತ್ರಿ.”

“ಹಂಗಂತ ಯಾರಂದ್ರು?”

“ಒಬ್ರು ವಿಮರ್ಶಕರ್ರಿ.”

“ನೀ ಏನಂತಿ?”

ಹುಲಿಗೆಮ್ಮ ಚಾಪೆಯ ಎಳೆ ಕೀಳುತ್ತಾ ಕುಳಿತಳು. ಅವಳೇನೂ ಅನ್ನುತ್ತಿರಲಿಲ್ಲ. ಕಾದಂಬರಿಯನ್ನು ಓದಿದ್ದು ಒಮ್ಮೆ, ಅದೂ ಅವಸರದಲ್ಲಿ. ವಿಮರ್ಶಕರ ಪುಸ್ತಕಗಳನ್ನು ಮಾತ್ರ ಮೂರು ಸಲ ಓದಿದ್ದಳು.

“ಬಿಡೂದಾದ್ರ ಬಿಡು,” ಅಂದರು ಗುರುಗಳು. “ಅದಕ್ಕೂ ಮೊದ್ಲ ಒಂದು ಕೆಲಸ ಮಾಡು. ಇವತ್ತ ಮನಿಗೆ ಹೋಗುವಾಗ ಆ ಎರಡೂ ಕತಿ ತಿಪ್ಪವ್ವಗ ಹೇಳು.”

ತಿಪ್ಪವ್ವ ಹರಿಗೋಲು ನಡೆಸುವವಳು. ಗಂಡನ ಕಣ್ಣು ಮಂಜಾದ ಮೇಲೆ ಹುಟ್ಟನ್ನು ತಾನೇ ಕೈಗೆತ್ತಿಕೊಂಡವಳು. ಅಕ್ಷರದ ಗೊಡವೆಗೆ ಹೋದವಳಲ್ಲ.

ಗುರುಗಳು ತನ್ನನ್ನು ಆಡಿಸುತ್ತಿದ್ದಾರೆಂದು ಹುಲಿಗೆಮ್ಮನಿಗೆ ಬೇಜಾರಾಯಿತು. ಆದರೂ ಅವರು ಹೇಳಿದ ಮಾತು ಮೀರಿ ಅಭ್ಯಾಸವಿರಲಿಲ್ಲ. ಹರಿಗೋಲಿನಲ್ಲಿ ಕುಳಿತು ಕತೆ ಶುರು ಮಾಡಿದಳು.

ಸಮುದ್ರದ ದಂಡೆಯಲ್ಲಿ ಒಂದು ಮನೆ. ಗಂಡ ಹಡಗು ಹತ್ತಿ ಹೋದ. ಹೆಂಡತಿ ಕಿಟಕಿಯಲ್ಲಿ ದೀಪವಿಟ್ಟುಕೊಂಡು ಇಪ್ಪತ್ತು ವರ್ಷ ಕಾದಳು. ಒಂದು ದಿನವೂ ಕಿಟಕಿ ಬಿಟ್ಟು ಏಳಲಿಲ್ಲ, ದೀಪ ಆರಲಿಲ್ಲ. ನಮ್ಮ ಕಾವ್ಯದಲ್ಲೂ ಅಷ್ಟೇ. ರಾಜ ದಂಡೆತ್ತಿ ಹೋದ. ರಾಣಿ ಗವಾಕ್ಷಿಯಲ್ಲಿ ದೀಪವಿಟ್ಟುಕೊಂಡು ಕುಳಿತವಳು ಕದಲಲೇ ಇಲ್ಲ.

ವಿಮರ್ಶಕರ ಮಾತು ತಿಪ್ಪವ್ವನಿಗೆ ನಡೆಯುವುದಿಲ್ಲವೆಂದು ಹುಲಿಗೆಮ್ಮ ಬರೀ ಕತೆಯನ್ನೇ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಆ ಹೆಂಗಸಿನ ಮೇಲೆ ಮರುಕ ಬಂತು.

ನಡುಹೊಳೆಯಲ್ಲಿ ತಿಪ್ಪವ್ವ ಹುಟ್ಟು ಹಾಕುವುದನ್ನು ನಿಲ್ಲಿಸಿದಳು.

“ಆಕಿ ಕಿಟಕಿ ಬಿಟ್ಟು ಏಳಲೇ ಇಲ್ಲ ಅಂತಿ. ಹಂಗಾದ್ರ ದೀಪಕ್ಕ ಎಣ್ಣಿ ಯಾರು ಹಾಕತಿದ್ರವ್ವ?”

ಹುಲಿಗೆಮ್ಮ ಓದಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳು.

“ಪುಸ್ತಕದಾಗ ಬರದಿಲ್ಲೇನು?”

“ನೋಡಿ ಹೇಳ್ತೀನಿ ಚಿಗವ್ವ.”

ಮನೆಗೆ ಹೋದವಳೇ ಕಾದಂಬರಿ ತೆರೆದು ಒಂದೊಂದೇ ಸಾಲು ಓದುತ್ತಾ ಹೋದಳು. ಎಣ್ಣೆ ಹಾಕುವವಳು ಇದ್ದಳು. ಮನೆಗೆಲಸದವಳೊಬ್ಬಳು ಎರಡು ಕಡೆ ಎಣ್ಣೆಯ ಡಬ್ಬಿ ಹಿಡಿದು ಒಳಗೆ ಬರುತ್ತಾಳೆ, ಬತ್ತಿ ಸರಿಮಾಡಿ ಹೊರಗೆ ಹೋಗುತ್ತಾಳೆ. ನಮ್ಮ ಕಾವ್ಯದಲ್ಲಿ ಒಬ್ಬ ಮುದುಕಿ, ಅವಳಿಗೆ ಒಂದೇ ಸಾಲು. ಇಬ್ಬರೂ ಅಷ್ಟು ವರ್ಷ ಎದ್ದೇ ಇದ್ದವರು. ಆ ದೇಶದವಳಿಗೂ ಹೆಸರಿಲ್ಲ, ಈ ದೇಶದವಳಿಗೂ ಹೆಸರಿಲ್ಲ.

ಮರುದಿನ ಗ್ರಂಥಾಲಯದಲ್ಲಿ ಒಂಬತ್ತು ವಿಮರ್ಶಾಗ್ರಂಥಗಳನ್ನು ಜಾಲಾಡಿದಳು. ಒಬ್ಬರೂ ಎಣ್ಣೆಯ ಮಾತೆತ್ತಿರಲಿಲ್ಲ. ಹುಲಿಗೆಮ್ಮನಿಗೆ ಖುಷಿಯೂ ಆಯಿತು, ಭಯವೂ ಆಯಿತು. ಎಂ.ಎ. ಸೇರಿದ ಮೇಲೆ ಓದು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಗುರುಗಳಿಗೆ ಹೇಳಿದಳು. ಅವರು “ಬರಿ” ಅಂದರು, ಅಷ್ಟೇ.

ಬಿಡುವ ಮಾತನ್ನು ಆಮೇಲೆ ಅವಳೂ ಎತ್ತಲಿಲ್ಲ. ತನಗೆ ಬರುವ ಇಂಗ್ಲಿಷಿನಲ್ಲೇ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಐದು ಪುಟ ಬರೆದಳು. ದಿನಾ ಬೆಳಿಗ್ಗೆ ಗುರುಗಳ ಮುಂದೆ ಓದುವಳು. ಅವಳದಲ್ಲದ ದೊಡ್ಡ ಶಬ್ದ ಎಲ್ಲಾದರೂ ನುಸುಳಿದರೆ ಗುರುಗಳು ಸುಮ್ಮನೆ ಕೈ ಎತ್ತುವರು. ಅವಳು ಅದನ್ನು ಹೊಡೆದುಹಾಕಿ ಮುಂದೆ ಓದುವಳು. ನಾಲ್ಕನೆಯ ದಿನ ಕೈ ಮೇಲೇಳಲಿಲ್ಲ.

ಸೆಮಿನಾರಿನ ದಿನ ಬಂತು. ದೂರದ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಪರೀಕ್ಷಕರಾಗಿ ಬಂದಿದ್ದರು. ಹುಲಿಗೆಮ್ಮ ಕಣ್ಣು ತೆರೆದುಕೊಂಡೇ ಮಾತಾಡಿದಳು. ಅಲ್ಲಲ್ಲಿ ತಡವರಿಸಿದಳು, ಸಾವರಿಸಿಕೊಂಡಳು. ಈ ಸಲ ಯಾರೂ ನಗಲಿಲ್ಲ.

ಮುಗಿದ ಮೇಲೆ ಪರೀಕ್ಷಕರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಈ ಕಾದಂಬರಿಯ ಬಗ್ಗೆ ನಾನು ಬಹಳ ಓದಿದ್ದೇನೆ, ಈ ಪ್ರಶ್ನೆಯನ್ನು ಎಲ್ಲೂ ಕಂಡಿರಲಿಲ್ಲ ಎಂದರು. ಇದು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು.

ತಿಪ್ಪವ್ವನ ಹೆಸರು ಹುಲಿಗೆಮ್ಮನ ನಾಲಿಗೆಯ ತುದಿಗೆ ಬಂತು. ಹರಿಗೋಲು ನಡೆಸುವವಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಕುಳಿತವರ ಮುಖಗಳು ಕಂಡವು. ಹೋದ ವಾರ ಹೊಟ್ಟೆ ಹಿಡಿದುಕೊಂಡು ನಕ್ಕವರೇ.

“ಓದುವಾಗ ನನಗೇ ತೋಚಿತು ಮೇಡಂ,” ಅಂದಳು.

ಚಪ್ಪಾಳೆ ಬಿತ್ತು. ಇದನ್ನು ಇನ್ನಷ್ಟು ಬೆಳೆಸು, ಪತ್ರಿಕೆಗೆ ಕಳಿಸೋಣ ಎಂದು ಪರೀಕ್ಷಕರು ತಮ್ಮ ವಿಳಾಸ ಬರೆದುಕೊಟ್ಟರು. ನಕ್ಕವರೆಲ್ಲ ಬಂದು ಕೈಕುಲುಕಿದರು. ಹುಲಿಗೆಮ್ಮನ ಕಾಲು ನೆಲದ ಮೇಲಿರಲಿಲ್ಲ.

ಸಂಜೆ ಅವಳು ಓಡುತ್ತಲೇ ಮಠಕ್ಕೆ ಬಂದಳು. ಗುರುಗಳು ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಮೇಡಂ ಮೆಚ್ಚಿದ್ದು, ಚಪ್ಪಾಳೆ ಬಿದ್ದದ್ದು, ವಿಳಾಸ ಕೊಟ್ಟದ್ದು ಎಲ್ಲವನ್ನೂ ಅವಳು ಹೇಳಿದಳು. ಗುರುಗಳಿಗೂ ಸಂತೋಷವಾಯಿತು, ಅದನ್ನವರು ಮುಚ್ಚಿಡಲಿಲ್ಲ. ಬೆನ್ನು ತಟ್ಟಿ, ಇನ್ನೊಮ್ಮೆ ಹೇಳು ಎಂದು ಹೇಳಿಸಿಕೊಂಡರು.

ಆಮೇಲೆ ಕೇಳಿದರು, “ತಿಪ್ಪವ್ವನ ಹೆಸರು ಕೇಳಿ ಮೇಡಂ ಏನಂದ್ರು?”

ಹುಲಿಗೆಮ್ಮ ಮೊರದ ಕಡೆ ನೋಡಿದಳು.

“ಹೇಳಲಿಲ್ರಿ.”

“ಯಾಕ?”

“ನಗ್ತಿದ್ರು ಸರ್.”

ಗುರುಗಳು ಒಂದು ಕಲ್ಲು ಆರಿಸಿ ಆಚೆ ಹಾಕಿದರು. ಹುಲಿಗೆಮ್ಮನೇ ಮತ್ತೆ ಬಾಯಿಬಿಟ್ಟಳು. “ಆಕಿ ಬರೇ ಒಂದು ಮಾತು ಕೇಳಿದ್ಲು. ಪುಸ್ತಕ ಹುಡುಕಿದಾಕಿ, ಬರದಾಕಿ ನಾನಲ್ರಿ?”

“ಹೌದವ್ವ, ಬರದಾಕಿ ನೀನ,” ಅಂದರು ಗುರುಗಳು. “ಆಕಿ ಬರೇ ಎಣ್ಣಿ ಹಾಕಿದ್ಲು ಅಂತ ಆ ಕಾದಂಬರಿ ಬರದಾತನೂ ಅನಕೊಂಡಿರಬೇಕು.”

ಹುಲಿಗೆಮ್ಮನ ಮುಖ ಬಾಡಿತು. ಬೆಳಗಿನಿಂದ ಎದೆಯಲ್ಲಿ ತುಂಬಿಕೊಂಡಿದ್ದ ಸಂತೋಷ ಎಲ್ಲಿ ಹೋಯಿತೋ ತಿಳಿಯಲಿಲ್ಲ, ನಾಚಿಕೆಯೊಂದೇ ಉಳಿಯಿತು. ಗುರುಗಳು ಅಕ್ಕಿ ಆರಿಸುತ್ತಲೇ ಇದ್ದರು.

ಕೊನೆಗೆ ಅವಳು ಮೆಲ್ಲಗೆ ಅಂದಳು, “ವಿಳಾಸ ಐತ್ರಿ. ಮೇಡಂಗ ಇವತ್ತ ಪತ್ರ ಬರೀತೀನಿ. ನಡದದ್ದು ನಡದಂಗ.”

“ಬರಿಯಂತಿ,” ಅಂದರು ಗುರುಗಳು. “ಮೊದ್ಲ ಹೊಳಿ ದಾಟಬೇಕಲ್ಲ. ಸೆಮಿನಾರ್ ಹೆಂಗಾತವ್ವ ಅಂತ ತಿಪ್ಪವ್ವ ಕೇಳ್ತಾಳ.”